ವೀರ್ಲೆ ಕೇಳಿದ ಪುರಾವೆ

"ಪ್ರತಿಯೊಂದಕ್ಕೂ ಒಂದು ಕಾರಣ ಇರಲೇಬೇಕು ತಾನೆ?" ಎಂದ ಯೋರಿಸ್. "ಆ ಕಾರಣಕ್ಕೆ ಇನ್ನೊಂದು. ಹೀಗೇ ಹಿಂದೆ ಹೋಗ್ತಾ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಅಲ್ಲಿರೋನೇ ದೇವರು."

"ನಿನಗೆ ಸುಸ್ತಾಯ್ತು ಅಂತ ದಾರಿ ಮುಗಿದುಹೋಗುತ್ತಾ?"

ಯೋರಿಸ್ ನಕ್ಕ. ನಗುವ ಮೊದಲು ಮೇಲೇರುವ ಅವನ ಒಂದೇ ಹುಬ್ಬನ್ನು ವೀರ್ಲೆ ನೋಡಿಯೂ ನೋಡದವಳಂತೆ ಕಾಫಿ ಕದಡಿದಳು.

ಗೆಂಟ್ ಊರಿನ ಕಾಲುವೆ ದಡದ ಆ ಕೆಫೆಗೆ ಚಳಿಗಾಲದಿಂದಲೂ ಅವನು ಪ್ರತಿ ಶುಕ್ರವಾರ ಬರುತ್ತಿದ್ದ. ಅವಳು ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರ ಕಲಿಸುವವಳು, ದೇವರಿಲ್ಲ ಎನ್ನುವವಳು. ಅವನು ಶಾಲೆಯೊಂದರಲ್ಲಿ ಧರ್ಮಪಾಠದ ಮೇಷ್ಟ್ರು. ದೇವರಿದ್ದಾನೆ ಎನ್ನಲು ವಾರಕ್ಕೊಂದು ವಾದ ತರುತ್ತಿದ್ದ; ಅವಳು ಅದನ್ನು ಎಳೆ ಎಳೆಯಾಗಿ ಬಿಚ್ಚಿ ಅವನ ಕೈಗೇ ಕೊಡುತ್ತಿದ್ದಳು. ಸೋತು ಇಷ್ಟು ಖುಷಿಪಡುವ ಗಂಡಸನ್ನು ಅವಳು ಕಂಡಿರಲಿಲ್ಲ. ಅದೇ ಅವಳಿಗೆ ಅನುಮಾನ ತಂದಿತ್ತು.

"ನೀನು ಹುಟ್ಟಾ ಹಟಮಾರಿ ಬಿಡು," ಎಂದ. "ಚರ್ಚಲ್ಲಿ ಪಾದ್ರಿ ಬಾಯಿಗಿಟ್ಟ ಪರಮಪ್ರಸಾದಾನೇ ಕೈಗವಸಿನೊಳಗೆ ಉಗುಳಿದವಳು."

ಚಮಚ ನಿಂತಿತು. ಚಿಕ್ಕಂದಿನ ಆ ಸಂಗತಿ ತಾಯಿಯೊಬ್ಬಳಿಗೇ ಗೊತ್ತಿತ್ತು.

"ಅದು ನಿನಗೆ ಹೇಗೆ ಗೊತ್ತು?"

ಯೋರಿಸನ ಕಿವಿ ಕೆಂಪಾಯಿತು. "ನಿಮ್ಮಮ್ಮ ಹೇಳಿದ್ರು. ಚರ್ಚಿನಲ್ಲಿ ಪರಿಚಯ. 'ಮಗಳನ್ನ ಹೇಗಾದ್ರೂ ದಾರಿಗೆ ತಾ' ಅಂತ ಅವರೇ ನನ್ನ ಕಳಿಸಿದ್ದು."

"ಅಂದ್ರೆ, ಇಷ್ಟು ದಿನ ನೀನು ಬಂದಿದ್ದು ಡ್ಯೂಟಿ ಮೇಲೆ!"

"ಮೊದಲನೇ ದಿನ ಮಾತ್ರ. ಆಮೇಲೆ ಇದು ನನ್ನ ಕೈಲಾಗಲ್ಲ ಅಂತ ಅವರಿಗೆ ಹೇಳಿಬಿಟ್ಟೆ."

"ಮತ್ತೆ ಈ ವಾದಗಳೆಲ್ಲ?"

"ಅವಿಲ್ಲದೆ ನಿನ್ನೆದುರು ಕೂರೋಕೆ ನನಗೆ ಬೇರೆ ಏನು ನೆಪ ಇತ್ತು, ವೀರ್ಲೆ?"

"ಅದಕ್ಕೆ ಪುರಾವೆ?"

"ಇಲ್ಲ." ಅವನು ಕೋಟು ಎತ್ತಿಕೊಂಡು ಹೊರಟುಹೋದ.

ಅವಳು ನಂಬಲಿಲ್ಲ. ನಂಬಲು ಆಸೆಯಾಯಿತು, ಆ ಆಸೆಯ ಮೇಲೂ ಅನುಮಾನ ಬಂತು. ತಾಯಿಗೆ ಫೋನ್ ಮಾಡಿದಳು.

"ಆ ಮೇಷ್ಟ್ರಾ? ಶುದ್ಧ ಕೆಲಸಕ್ಕೆ ಬಾರದವನು ಕಣೇ!" ತಾಯಿ ಸಿಡುಕಿದಳು. "ಒಂದೇ ಸಲ ನಿನ್ನ ನೋಡಿ ಬಂದು, 'ಅವಳನ್ನ ಬದಲಾಯಿಸೋಕೆ ನನಗೆ ಮನಸ್ಸಿಲ್ಲ, ಇದ್ದ ಹಾಗೇ ಚೆನ್ನಾಗಿದ್ದಾಳೆ' ಅಂದುಬಿಟ್ಟ. ಅವತ್ತಿಂದ ಅವನ ಜೊತೆ ಮಾತೇ ಬಿಟ್ಟಿದ್ದೀನಿ. ಯಾಕೆ, ಏನಾಯ್ತು?"

ಫೋನಿಟ್ಟು ವೀರ್ಲೆ ಓಡಿದಳು. ಸೇತುವೆಯ ಬಳಿ ಅವನು ಸೈಕಲ್ಲಿನ ಬೀಗ ತೆಗೆಯಲು ಒದ್ದಾಡುತ್ತಿದ್ದ.

"ನಾಳೆ ನಮ್ಮನೆಗೆ ಊಟಕ್ಕೆ ಬಾ," ಏದುಸಿರಿನಲ್ಲೇ ಹೇಳಿದಳು. "ದೇವರನ್ನ ಮಾತ್ರ ಬಿಟ್ಟು ಬಾ."

"ಅದಾಗಲ್ಲ. ನಾನೆಲ್ಲಿ ಹೋದ್ರೂ ಅವನು ಬರ್ತಾನೆ."

ವೀರ್ಲೆ ಅವನ ಮಫ್ಲರಿನ ತುದಿ ಹಿಡಿದು ಮೆಲ್ಲಗೆ ಹತ್ತಿರಕ್ಕೆಳೆದಳು.

"ಸರಿ, ಬರಲಿ. ಆದ್ರೆ ನಮ್ಮಿಬ್ಬರ ಮಧ್ಯೆ ಕೂರಬಾರದು, ಅಷ್ಟೇ."