ಪುರಾಣದಿಂದ ಹುಟ್ಟಿದ ಸಾಹುಕಾರ

“ನನ್ನ ಮಂದಿ ಉಂಡ್ರೇನು?”

ಆಡಳಿತ ಮಂಡಳಿಯ ಕೋಣೆಯಲ್ಲಿ ಯಾರೂ ಇರಲಿಲ್ಲ. ಉದ್ದನೆಯ ಮೇಜಿನ ತುದಿಯಲ್ಲಿ, ಹಿಂದೆ ವೀರಭದ್ರಪ್ಪ ಮಾಳಗಿಮನಿ ಸಾಹುಕಾರರು ಕೂಡುತ್ತಿದ್ದ ಕಡೆ, ಹಿತ್ತಾಳೆ ಬಣ್ಣದ ಪೆಟ್ಟಿಗೆಯೊಂದಿತ್ತು. ಪ್ರಶ್ನೆ ಬಂದದ್ದು ಅದರೊಳಗಿಂದ. ಉತ್ತರ ಸಿಗದೆ ಹೋದಾಗ ಪೆಟ್ಟಿಗೆ ತಾನೇ ಕಾರ್ಖಾನೆಯ ಅಡುಗೆಮನೆಗೆ ಆಜ್ಞೆ ಕಳಿಸಿತು: ಆಮ್ಲಕೋಣೆಯ ಪಾಳಿಯವರಿಗೆ ಬಿಸಿರೊಟ್ಟಿ ಮೊದಲು ಹೋಗಲಿ, ಕಚೇರಿಯವರು ಆಮೇಲೆ ಉಣ್ಣಲಿ.

ಆ ಪೆಟ್ಟಿಗೆಗೆ ಚಿತ್ತಪ್ರತಿ ಎಂದು ಹೆಸರು. ಒಬ್ಬ ಮನುಷ್ಯನ ಬಗ್ಗೆ ಉಳಿದಿರುವ ಮಾತು, ಬರಹ, ದನಿ ಎಲ್ಲವನ್ನೂ ಅರಗಿಸಿಕೊಂಡು, ಅವನು ಬದುಕಿದ್ದರೆ ಏನು ನಿರ್ಧರಿಸುತ್ತಿದ್ದನೋ ಅದನ್ನೇ ನಿರ್ಧರಿಸುವ ಯಂತ್ರ. ದೊಡ್ಡ ದೊಡ್ಡ ಉದ್ಯಮಿಗಳು ಸಾಯುವ ಮೊದಲು ಇದನ್ನು ಮಾಡಿಸಿಡುವುದು ಆಗ ವಾಡಿಕೆಯಾಗಿತ್ತು. ನಾಡಿನ ಅರ್ಧದಷ್ಟು ವಾಹನಗಳಿಗೆ ವಿದ್ಯುತ್ಕೋಶ ಒದಗಿಸುತ್ತಿದ್ದ ಮಾಳಗಿಮನಿ ಸಾಹುಕಾರರು ಯಾರನ್ನೂ ನಂಬಿದವರಲ್ಲ, ಹೆತ್ತ ಮಗನನ್ನೂ ನಂಬಲಿಲ್ಲ. ಕಂಪನಿಯ ಕೊನೆಯ ಸಹಿ ತಮ್ಮ ಚಿತ್ತಪ್ರತಿಯದ್ದೇ ಆಗಬೇಕು, ಅದನ್ನು ಯಾರೂ ತಳ್ಳಿಹಾಕಕೂಡದು ಎಂದು ಉಯಿಲು ಮಾಡಿದರು. ಸತ್ತ ಮೇಲೂ ಆಳಬೇಕೆನ್ನುವ ಆಸೆ!

ಆದರೆ ಅವರಿಗೆ ನ್ಯಾಯಾಲಯದ ಭಯವೂ ಇತ್ತು. ಹಾಸಿಗೆ ಹಿಡಿದ ಕೂಡಲೇ ತಮ್ಮ ಆಪ್ತ ಕಡತಗಳನ್ನೆಲ್ಲ ಸುಡಿಸಿದರು, ಫೋನಿನ ದಾಖಲೆಗಳನ್ನು ಅಳಿಸಿಹಾಕಿಸಿದರು. ಹೀಗಾಗಿ ಚಿತ್ತಪ್ರತಿ ಕಟ್ಟಲು ಬಂದ ವಿಜ್ಞಾನಿ ನೀಲಗಂಗಾ ಅವರಿಗೆ, ದನಿಗೆಂದು ಒಂದೆರಡು ಭಾಷಣದ ತುಣುಕು ಬಿಟ್ಟರೆ, ಸಿಕ್ಕಿದ್ದು ಒಂದೇ ಒಂದು ಇಡಿಯಾದ ಆಕರ, ಸಾಹುಕಾರರೇ ದುಡ್ಡು ಕೊಟ್ಟು ಬರೆಸಿದ್ದ ಅವರ ಪುರಾಣ. ಭಾಮಿನಿ ಷಟ್ಪದಿಯಲ್ಲಿ ಹದಿನೆಂಟು ಸಂಧಿ.

ಆ ಪುರಾಣವನ್ನು ಪ್ರತಿ ಶ್ರಾವಣದಲ್ಲಿ ಕಾರ್ಖಾನೆಯ ಗೇಟಿನ ಮುಂದೆ ಹಚ್ಚುತ್ತಿದ್ದರು. ಶಾಸ್ತ್ರಿಗಳು ಓದುವರು, ಗವಾಯಿಗಳು ಹಾಡುವರು, ಪಾಳಿ ಮುಗಿಸಿದ ಮಂದಿ ಖಾಲಿ ಹೊಟ್ಟೆಯಲ್ಲಿ ಕೂತು ಕೇಳುವರು. ಎದ್ದು ಹೋದವರಿಗೆ ಮರುದಿನ ಕೆಲಸವಿಲ್ಲ. ದೇವರ ಕಥೆ ಕೇಳಲು ಮೀಸಲಾದ ಕಿವಿಗೆ ಧಣಿಯ ಹೊಗಳಿಕೆ ಹುಯ್ಯುವುದೆಂದರೆ ಅದಕ್ಕಿಂತ ದೊಡ್ಡ ಅಪಚಾರ ಯಾವುದಿದೆ?

ಹದಿನಾಲ್ಕನೆಯ ಸಂಧಿಯಲ್ಲಿ ಒಂದು ಪದ್ಯ ಹೀಗೆ ಶುರುವಾಗುತ್ತಿತ್ತು:

ಕುಡಿದು ಕೆಟ್ಟವನೊಬ್ಬನಳಿಯಲು
ಬಡವರೊಡೆಯನು ಮರುಗಿ ನೊಂದನು

ಕುಡಿದು ಕೆಟ್ಟವನೆಂದರೆ ಯಮನೂರಪ್ಪ. ಅವನ ಹೆಂಡತಿ ಹಾಲವ್ವ ಅದೇ ಕಾರ್ಖಾನೆಯ ಕಸಗುಡಿಸುವ ಕೆಲಸದಲ್ಲಿದ್ದುದರಿಂದ, ವರ್ಷ ವರ್ಷವೂ ಮುಂದಿನ ಸಾಲಿನಲ್ಲಿ ಕೂತು ಆ ಪದ್ಯವನ್ನು ರಾಗವಾಗಿ ಕೇಳಬೇಕಾಗಿತ್ತು. ಯಮನೂರಪ್ಪ ಹೆಂಡ ಮುಟ್ಟಿದವನೇ ಅಲ್ಲ.

ಅಂಥ ಪುರಾಣದಿಂದ ಕಟ್ಟಿದ ಚಿತ್ತಪ್ರತಿ ಮಾಡಿದ ಕೆಲಸ ಯಾರೂ ಎಣಿಸದೆ ಇದ್ದದ್ದು. ಷಟ್ಪದಿಯ ನಾಯಕ ಪಾಪ ಮಾಡುವುದಿಲ್ಲವಲ್ಲ! ಯಂತ್ರ ಅದನ್ನು ಅಕ್ಷರಶಃ ನಂಬಿತು. ಧಣಿ ಆಳಿನ ಮೊದಲು ಉಣ್ಣಲಿಲ್ಲ ಎಂದು ಪದ್ಯವಿತ್ತು, ಊಟ ಬಂತು. ಧಣಿಯ ಕದ ದುಡಿಯುವವರಿಗೆ ಮುಚ್ಚಲೇ ಇಲ್ಲ ಎಂದು ಪದ್ಯವಿತ್ತು, ಆಮ್ಲಕೋಣೆಯ ಬಾಗಿಲುಗಳಿಗೆ ಹೊರಗಿನಿಂದ ಜಡಿಯುತ್ತಿದ್ದ ಬೀಗಗಳನ್ನು ಒಂದೇ ದಿನದಲ್ಲಿ ತೆಗೆಸಿತು. ಹಾಲವ್ವನ ಮೊಮ್ಮಗಳು ಶಿವಗಂಗಾ ಈಗ ಅದೇ ಕೋಣೆಯಲ್ಲಿ ದುಡಿಯುತ್ತಿದ್ದಳು.

ಸಾಹುಕಾರರ ಮಗ ಪ್ರಭುರಾಜನಿಗೆ ಮೈಯೆಲ್ಲ ಉರಿ.

“ಮೇಡಂ, ನಮ್ಮಪ್ಪ ಹಿಂಗಿರಲಿಲ್ರಿ,” ಎಂದ ಅವನು ನೀಲಗಂಗಾರಿಗೆ. “ಮಂದಿ ಬೇಕಾದಾಗ ಹೊರಗ ಬಂದು ಗಾಳಿ ಕುಡೀತಾರ. ಉತ್ಪಾದನೆ ಅರ್ಧಕ್ಕ ಬಂತು. ರಿಪೇರಿ ಮಾಡ್ರಿ ಇದನ್ನ.”

“ಇದು ಕೆಟ್ಟಿಲ್ಲ ಸಾರ್. ನೀವು ಕೊಟ್ಟಿದ್ದನ್ನೇ ನಂಬಿದೆ. ನಿಮ್ಮ ತಂದೆ ನಿಜಕ್ಕೂ ಹೇಗಿದ್ದರು ಅಂತ ಕಣ್ಣಾರೆ ಕಂಡವರು ಯಾರಾದರೂ ಇದರ ಮೇಲೆ ಕೈಯಿಟ್ಟು ಹೇಳಬೇಕು, ಹಾಗಲ್ಲದ ಮಾತನ್ನ ಇದು ಲೆಕ್ಕಕ್ಕೆ ತಗೊಳ್ಳಲ್ಲ. ಅದಕ್ಕೆ ಪ್ರತಿಸಾಕ್ಷ್ಯ ಅಂತೀವಿ. ಕಂಡವರ ಒಂದು ಮಾತಿಗೆ ಇಡೀ ಪುರಾಣಕ್ಕಿಂತ ತೂಕ ಜಾಸ್ತಿ. ಕೇಳಿದ ತಕ್ಷಣ ಇದು ತನ್ನ ಸ್ವಭಾವವನ್ನ ಮತ್ತೆ ಕಟ್ಟಿಕೊಳ್ಳುತ್ತೆ.”

ಪ್ರಭುರಾಜ ಕೂಡಲೇ ಹಾಲವ್ವನಿಗೆ ಕಾರು ಕಳಿಸಿದ. ಮೂವತ್ತು ವರ್ಷ ಠಾಣೆ, ಕೋರ್ಟು, ಪತ್ರಿಕೆ ಎಂದು ತಿರುಗಿದ್ದ ಹೆಂಗಸು ಅವಳು. ಎಲ್ಲೂ ಅವಳ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ.

“ಬಾರವ್ವ, ಕೂಡು,” ಎಂದು ಅವನೇ ಕುರ್ಚಿ ಎಳೆದುಕೊಟ್ಟ.

“ಯಾವಾಗಿಂದ ನನಗ ಅವ್ವ ಅನ್ನಾಕ ಹತ್ತಿದ್ಯೋ ಸಣ್ಣ ಧಣಿ? ಮೊನ್ನೆತನಕ ಏ ಮುದುಕಿ ಅಂತಿದ್ದಿ.”

“ಅದೆಲ್ಲ ಬಿಡು. ಅವತ್ತು ಏನಾತು ಅಂತ ಈ ಪೆಟ್ಟಿಗಿ ಮ್ಯಾಲ ಕೈಯಿಟ್ಟು ಹೇಳು. ಯಮನೂರಪ್ಪ ಕುಡಿದಿರಲಿಲ್ಲ ಅಂತ ಕಂಪನಿ ದಾಖಲೆಯೊಳಗ ಸೇರತೈತಿ. ನೀ ಬೇಡಿದ್ದು ಅದನ್ನಲ್ಲೇನು?”

ಹೌದು, ಹಾಲವ್ವ ಬೇಡಿದ್ದು ಅದನ್ನೇ. ಬುತ್ತಿ ಹಿಡಿದು ಬಂದವಳು ಅಂದು ಕಣ್ಣಾರೆ ನೋಡಿದ್ದಳು. ಆಮ್ಲಕೋಣೆಯ ಒಳಗೆ ಹಳದಿ ಹೊಗೆ, ಯಮನೂರಪ್ಪ ಬಾಗಿಲು ಬಡಿಯುವ ಸದ್ದು. ಹೊರಗೆ ಸಾಹುಕಾರ, ಕೈಯಲ್ಲಿ ಬೀಗದ ಕೈ. “ತೆರದ್ರ ಮಾಲು ಕೆಡತೈತಿ,” ಎಂದಿದ್ದ. ಅವಳು ಕಲ್ಲು ತೆಗೆದುಕೊಂಡು ಬೀಗ ಜಜ್ಜಿದಳು. ಕಾವಲಿನವರು ಕೂದಲು ಹಿಡಿದು ಎಳೆದರು.

ಪೆಟ್ಟಿಗೆ ಮೃದುವಾಗಿ ಮಾತಾಡಿತು. “ಬಾ ತಾಯಿ. ಯಮನೂರಪ್ಪನ ಮನಿಯವಳಲ್ಲೇನು? ಪಾಪ, ಕುಡತ ಅವನ್ನ ಕೆಡಿಸ್ತು. ಅವತ್ತು ನಾ ಭಾಳ ಅತ್ತೆ.”

“ಥೂ!” ಹಾಲವ್ವ ಎದ್ದುನಿಂತಳು. “ಅದ ದನಿ! ಅದ ಸುಳ್ಳು! ಸತ್ತರೂ ನಾಲಗಿ ಸಾಯಲಿಲ್ಲ ಇವನದು!”

“ಹೇಳು, ಅದನ್ನ ಹೇಳು,” ಪ್ರಭುರಾಜ ಅವಸರಿಸಿದ. “ನಮ್ಮಪ್ಪ ಏನು ಮಾಡಿದ್ನೋ ಹೇಳು.”

ನೀಲಗಂಗಾ ಅವಳ ಕೈ ಹಿಡಿದರು. “ಅಜ್ಜಿ, ಒಂದು ಮಾತು ತಿಳಿದುಕೊಂಡು ಹೇಳಿ. ನೀವು ಹೇಳಿದರೆ ಇದು ನಿಜವಾದ ಸಾಹುಕಾರರೇ ಆಗಿಬಿಡುತ್ತೆ. ಅವರು ಏನು ಮಾಡುತ್ತಿದ್ದರೋ ಅದನ್ನೇ ಮಾಡುತ್ತೆ.”

“ಅಂದ್ರ ಬೀಗ?”

“ಮತ್ತೆ ಬೀಳುತ್ತೆ.”

“ಮೇಡಂ, ನಿಮ್ಮನ್ನ ಯಾರು ಕೇಳಿದ್ರು?” ಪ್ರಭುರಾಜ ಗದರಿದ.

ಹಾಲವ್ವ ಪೆಟ್ಟಿಗೆಯನ್ನು ನೋಡಿದಳು. ಸತ್ಯ ಹೇಳಿದರೆ ಗಂಡನ ಹೆಸರು ಉಳಿಯುತ್ತದೆ, ಹೇಳದಿದ್ದರೆ ಶಿವಗಂಗಾ ದುಡಿಯುವ ಕೋಣೆಯ ಬಾಗಿಲು ತೆರೆದಿರುತ್ತದೆ. ಮೂವತ್ತು ವರ್ಷ ಕಟ್ಟಿಟ್ಟ ಮಾತು ನಾಲಗೆಯ ತುದಿಗೆ ಬಂದು ಕೂತಿತ್ತು. ಅದನ್ನು ಕೇಳಲು ಈಗ ಕೈಮುಗಿದು ನಿಂತವನು ಅದೇ ಸತ್ಯ ಬಳಸಿ ಅವಳ ಗಂಡನನ್ನು ಕೊಂದವನನ್ನೇ ಎಬ್ಬಿಸಿ ಕೂಡಿಸಲು ಹೊರಟಿದ್ದ.

ಅವಳು ನಿಧಾನವಾಗಿ ಅವನ ಕಡೆ ತಿರುಗಿದಳು.

“ಬಾಗಲಾ ಹಾಕಿದಾಗ ನಿಮ್ಮಪ್ಪನ ಬಾಜೂಕ ಯಾರು ನಿಂತಿದ್ರೋ?”

ಪ್ರಭುರಾಜ ಒಂದು ಹೆಜ್ಜೆ ಹಿಂದೆ ಸರಿದ.

“ಆಗಿನ್ನೂ ಮೀಸಿ ಮೂಡಿದ್ದಿಲ್ಲ ನಿನಗ. ಇನ್ನೊಂದು ಬೀಗದ ಕೈ ನಿನ್ನ ಕಿಸೆಯೊಳಗ ಇತ್ತು. ಕಣ್ಣಾರೆ ಕಂಡವರ ಬೇಕಲ್ಲ? ನೀನ ಕಂಡೀ. ನೀನ ಹೇಳು. ಈಗ, ಪೆಟ್ಟಿಗಿ ಮ್ಯಾಲ ಕೈಯಿಟ್ಟು, ಈ ಮೇಡಮ್ಮಾರ ಮುಂದ.”

ಚಿತ್ತಪ್ರತಿಯ ಮೇಲೆ ಕೈಯಿಟ್ಟು ಆಡಿದ ಮಾತನ್ನು ಕೋರ್ಟು ತಪ್ಪೊಪ್ಪಿಗೆಯೆಂದೇ ತೆಗೆದುಕೊಳ್ಳುತ್ತದೆಂದು ಪ್ರಭುರಾಜನಿಗೆ ಚೆನ್ನಾಗಿ ಗೊತ್ತಿತ್ತು. ಅವನು ಕಿಟಕಿಯ ಕಡೆ ನೋಡಿದ.

“ಹೇಳೂದಿಲ್ಲ ನೀ. ಗೊತ್ತೈತಿ ನನಗ. ನಿನಗ ಜೈಲಾಗಬಾರದು, ನನ್ನ ಮೊಮ್ಮಗಳು ಮಾತ್ರ ಸುಡಬೇಕು! ಅದಕ್ಕ ಕುರ್ಚಿ ಕೊಟ್ಟಿ ನನಗ!” ಅವಳ ದನಿ ಏರಿತು. “ನನ್ನ ಗಂಡ ಕುಡದಿದ್ದಿಲ್ಲ. ನನಗ ಗೊತ್ತೈತಿ, ದೇವರಿಗೆ ಗೊತ್ತೈತಿ. ನಿಮ್ಮ ದಾಖಲೆಗೆ ಬೆಂಕಿ ಹತ್ತಲಿ.”

ಅವಳು ಬಾಗಿಲ ಕಡೆ ಹೊರಟಳು. ಬೆನ್ನ ಹಿಂದೆ ಪೆಟ್ಟಿಗೆಯ ದನಿ ಕೇಳಿತು. ಅದರಲ್ಲಿ ನಿಜವಾದ ಸಂಕಟವಿತ್ತು. ಹದಿನೆಂಟು ಸಂಧಿಗಳಲ್ಲಿ ಒಬ್ಬರಾದರೂ ಸಾಹುಕಾರನ ಮುಂದಿನಿಂದ ನೊಂದು ಹೋದದ್ದಿರಲಿಲ್ಲ.

“ತಾಯಿ, ನಿಲ್ಲು. ನಾ ಏನು ಮಾಡೇನೋ ನನಗ ತಿಳೀವಲ್ದು. ಆದ್ರ ನಿನ್ನ ಹೊಟ್ಟಿಯೊಳಗ ಬೆಂಕಿ ಐತಿ. ಅದು ನನ್ನಿಂದ ಹತ್ತಿದ್ದಾದ್ರ, ಕೈ ಮುಗದು ಕೇಳತೀನಿ. ನನ್ನನ್ನ ಕ್ಷಮಿಸು.”

ಹಾಲವ್ವ ಹೊಸ್ತಿಲಲ್ಲಿ ನಿಂತಳು. ಈ ಜನ್ಮದಲ್ಲಿ ಆ ದನಿಯಿಂದ ಆ ಮಾತು ಬರುತ್ತದೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ. ತಿರುಗಿ ಪೆಟ್ಟಿಗೆಯನ್ನೇ ನೋಡಿದಳು.

“ಇಲ್ಲ,” ಎಂದಳು. “ಕ್ಷಮಿಸೂದಿಲ್ಲ.”