ಉಜ್ಜಿದರೆ ವೀಸಾ

ಸಾರ್ವಜನಿಕರ ಗಮನಕ್ಕೆ. ಈ ಠಾಣೆಯ ದೂರು ಮೇಜಿಗೆ ಒಂದೂವರೆ ಅಡಿ ದಾರದಿಂದ ಕಟ್ಟಿದ್ದ ನೀಲಿ ಪೆನ್ನು ಕಳೆದ ತಿಂಗಳಿಂದ ಕಾಣೆಯಾಗಿದೆ. ಅದು ಪತ್ತೆಯಾಗುವವರೆಗೆ ದೂರುದಾರರು ತಮ್ಮ ಪೆನ್ನು ತಾವೇ ತರತಕ್ಕದ್ದು. ಪೆನ್ನು ಕಳೆದುಹೋಗಿದೆ ಎಂದು ದೂರು ಕೊಡಲು ಬರುವವರಿಗೂ ಈ ನಿಯಮ ಅನ್ವಯಿಸುತ್ತದೆ. ಅಪ್ಪಣೆಯ ಮೇರೆಗೆ.

ಕುಮಾಸಿಯ ಕೆಳಪೇಟೆ ಠಾಣೆಯ ಗೋಡೆಗೆ ಈ ಪ್ರಕಟಣೆಯನ್ನು ಇನ್ಸ್‌ಪೆಕ್ಟರ್ ಅಡೊಮಾಕೊ ತಮ್ಮ ಕೈಯಾರೆ ಅಂಟಿಸಿದ್ದರು. ಪೆನ್ನನ್ನು ಕೊನೆಗೆ ಹಿಡಿದವನು ಟೋಪಿ ಕಳೆದುಕೊಂಡೆನೆಂದು ಬಂದಿದ್ದ ಒಬ್ಬ ವಿದೇಶಿ ಪ್ರವಾಸಿ. ಟೋಪಿ ಸಿಗಲಿಲ್ಲ, ಪೆನ್ನು ಹೋಯಿತು, ದಾರ ಮಾತ್ರ ಉಳಿಯಿತು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಆ ದಾರದ ಮುಂದೆ ಬಂದು ನಿಂತವಳು ಫ್ರೇಮಾ. ಪೇಟೆಯಲ್ಲಿ ಹೊಗೆಮೀನು ಮಾರುವವಳು, ಐವತ್ತೆಂಟು ವರ್ಷ.

"ಪೆನ್ನು ತಂದಿದೀರಾ?" ಕಾನ್‌ಸ್ಟೇಬಲ್ ಫುಸೇನಿ ಕೇಳಿದ.

"ಎರಡು ತಂದಿದೀನಿ, ನಿನಗೂ ಒಂದಿರ್ಲಿ. ನನ್ನ ಪಾಸ್‌ಪೋರ್ಟ್ ಕದ್ದಿದಾರೆ."

ಅಡೊಮಾಕೊ ತಲೆ ಎತ್ತಿದರು. "ವೀಸಾ ಇತ್ತಾ?"

"ಇತ್ತು ಸಾರ್. ಮೂರು ಸಲ ಇಲ್ಲ ಅಂದು ನಾಲ್ಕನೇ ಸಲ ಕೊಟ್ಟಿದ್ರು."

ಆಡು ಕಳೆದುಕೊಂಡು ಬಂದಿದ್ದವನೊಬ್ಬ ಎದ್ದು ತನ್ನ ಕುರ್ಚಿಯನ್ನು ಅವಳಿಗೆ ಕೊಟ್ಟ.

"ಯಾವ ದೇಶ?"

"ಮಗಳಿರೋ ದೇಶ."

"ಅದಕ್ಕೊಂದು ಹೆಸರಿರುತ್ತಲ್ಲಮ್ಮ."

"ಬಾಯಲ್ಲಿ ಹೇಳಲ್ಲ ಸಾರ್. ಅವರ ಕಿವಿಗೆ ಬಿದ್ದು ಮತ್ತೆ ಬೇಡ ಅಂದ್ಬಿಟ್ರೆ?"

ಆ ಹೆಸರು ಕಡತದಲ್ಲಿದೆ. ಇಲ್ಲಿ ಬೇಡ. ಅದೇ ದೇಶ ಪೊಲೀಸ್ ತರಬೇತಿಗೆಂದು ಅಡೊಮಾಕೊ ಅವರನ್ನು ಒಂದು ಕಿಟಕಿಯಲ್ಲಿ ಕರೆದು, ಇನ್ನೊಂದು ಕಿಟಕಿಯಲ್ಲಿ 'ನೀವು ತಲೆಮರೆಸಿಕೊಳ್ಳುವ ಸಂಭವವಿದೆ' ಎಂದು ತಿರಸ್ಕರಿಸಿತ್ತು. ಅವರೂ ಮತ್ತೆ ಅರ್ಜಿ ಹಾಕುವವರಿದ್ದಾರೆ.

ಫ್ರೇಮಾಳ ವಿಮಾನ ಗುರುವಾರ. ಮಗಳಿಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿ ಹತ್ತು ದಿನವಾಗಿತ್ತು. ಬಾಣಂತನಕ್ಕೆ ಯಾರೂ ಇಲ್ಲ.

"ಅಲ್ಲಿ ನರ್ಸು ಮಗುನ ಒದ್ದೆ ಬಟ್ಟೇಲಿ ಒರಸ್ತಾಳಂತೆ ಸಾರ್, ಮೇಜು ಒರಸಿದ ಹಾಗೆ. ಬಿಸಿನೀರು ಹುಯ್ಯೋರಿಲ್ಲ, ತಲೆ ತಿದ್ದೋರಿಲ್ಲ, ಕೈಕಾಲು ನೀವೋರಿಲ್ಲ. ನನ್ನ ಮಗಳಿಗೆ ಬಗ್ಗೋಕಾಗಲ್ಲ. ಫೋನಲ್ಲಿ ಬರೀ ಅಳ್ತಾಳೆ. ನಾನು ಹೋಗ್ಲೇಬೇಕು."

"ಎಲ್ಲಿ ಕಳೀತು?"

"ಪ್ರಾರ್ಥನಾ ಮಂದಿರದಲ್ಲಿ. ನಿನ್ನೆ. ಬೋಗುಣೀಲಿ ಇಟ್ಟಿದ್ದೆ."

ಎಫ್‌ಐಆರ್ ಆಯಿತು. ಕಳುವಾದ ಪಾಸ್‌ಪೋರ್ಟಿನ ನಂಬರನ್ನು ಕೂಡಲೇ ಮೇಲಕ್ಕೆ ತಿಳಿಸಬೇಕೆಂಬುದು ನಿಯಮ. ಠಾಣೆಯಲ್ಲಿ ಕೂಡಲೇ ಎಂದರೆ ಸಾಮಾನ್ಯವಾಗಿ ಮುಂದಿನ ವಾರ. ಆದರೆ ಫ್ರೇಮಾಳ ಮುಖ ನೋಡಿ ಅಡೊಮಾಕೊ ಒಂಬತ್ತಕ್ಕೆ ಮೊದಲೇ ರಾಜಧಾನಿ ಅಕ್ರಾದ ಕೇಂದ್ರ ಕಚೇರಿಗೆ ಸಂದೇಶ ಕಳಿಸಿದರು. ಕಳ್ಳ ಅದರಲ್ಲಿ ಹಾರಿಹೋಗಬಾರದಲ್ಲ.

ಹತ್ತೂವರೆಗೆ ಪ್ರಾರ್ಥನಾ ಮಂದಿರದಲ್ಲಿ ಪಂಚನಾಮೆ. ವೇದಿಕೆಯ ಮೇಲೆ ಹೂವಿನ ಚಿತ್ರವಿದ್ದ ಪಿಂಗಾಣಿ ಬೋಗುಣಿ, ತಳದಲ್ಲಿ ಒಂದಿಷ್ಟು ಎಣ್ಣೆ. ಬಿಳಿ ನಿಲುವಂಗಿಯ ಪ್ರವಾದಿ ಡಾಂಕ್ವಾ ಪಕ್ಕದಲ್ಲೇ ನಿಂತಿದ್ದರು.

"ಏನು ಪದ್ಧತಿ ಇದು, ಪ್ರವಾದಿಗಳೇ?"

"ವೀಸಾ ಸಿಕ್ಕವರು ಕೃತಜ್ಞತೆಗೆ ಪಾಸ್‌ಪೋರ್ಟ್ ತಂದು ಇಲ್ಲಿ ಇಡ್ತಾರೆ. ಸಿಗದವರು ತಮ್ಮದನ್ನ ಅದಕ್ಕೆ ಉಜ್ತಾರೆ. ಭಾಗ್ಯ ದಾಟಿಕೊಳ್ಳುತ್ತೆ."

"ನಿನ್ನೆ ಎಷ್ಟು ಜನ ಉಜ್ಜಿದ್ರು?"

"ಬಂದೋರೆಲ್ಲ. ಸಾಲು ಬಾಗಿಲಾಚೆ ಹೋಗಿತ್ತು."

"ಹೀಗೆ ಉಜ್ಜಿದೋರಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ?"

"ನಂಬಿಕೆಗೆ ಲೆಕ್ಕ ಇರಲ್ಲ, ಇನ್ಸ್‌ಪೆಕ್ಟರೇ."

"ಕಾವಲು?"

"ಪವಾಡ ದೇವರದು, ಕಾವಲು ನಿಮ್ಮದು."

ಅಡೊಮಾಕೊ ಹಲ್ಲು ಕಚ್ಚಿಕೊಂಡು 'ಕಾವಲು ಇರಲಿಲ್ಲ' ಎಂದು ಬರೆಸಿದರು.

ಮಧ್ಯಾಹ್ನ ಅಟ್ಟಾನನ್ನು ಠಾಣೆಗೆ ಕರೆಸಿದರು. ಬೇಗ ಪಾಸ್‌ಪೋರ್ಟ್ ಮಾಡಿಸಿಕೊಡುತ್ತೇನೆಂದು ಜನರ ಬೆನ್ನು ಬೀಳುವ ದಲ್ಲಾಳಿ ಅವನು. ಊರಿನಲ್ಲಿ ಯಾವ ಪಾಸ್‌ಪೋರ್ಟ್ ಕಳೆದರೂ ಮೊದಲ ಅನುಮಾನ ಅವನ ಮೇಲೆ.

"ನಾನಲ್ಲ ಸಾರ್. ಮೀನಮ್ಮನ ಪಾಸ್‌ಪೋರ್ಟ್ ತಗೊಂಡು ಯಾರಿಗೆ ಮಾರ್ಲಿ?"

"ಫೋಟೋ ಬದಲಾಯಿಸಿ."

"ಯಾವ ಕಾಲದಲ್ಲಿದೀರಿ ಸಾರ್? ಬೆರಳಚ್ಚು ಕೇಳ್ತಾರೆ, ಕಣ್ಣು ನೋಡ್ತಾರೆ. ಐವತ್ತೆಂಟು ವರ್ಷದ ಹೆಂಗಸೇ ಬೇಕು, ಅದೂ ಇದೇ ಹೆಂಗಸು. ಅವಳಿಗೇ ಮಾರಬೇಕಷ್ಟೆ."

ಮಾತು ಸರಿ. ಆ ಪಾಸ್‌ಪೋರ್ಟಿನಲ್ಲಿ ಫ್ರೇಮಾ ಬಿಟ್ಟು ಬೇರೆ ಯಾರೂ ಎಲ್ಲಿಗೂ ಹೋಗಲಾರರು. ಹಾಗಾದರೆ ಕದ್ದದ್ದು ಯಾಕೆ? ಅಡೊಮಾಕೊ ತಲೆ ಕೆರೆದುಕೊಂಡು, ಪುರಾವೆಯೆಂದು ತಂದಿದ್ದ ಬೋಗುಣಿಯತ್ತ ತಿರುಗಿದರು. ಫುಸೇನಿ ಬೆನ್ನು ತಿರುಗಿಸಿ ಅದರ ಮೇಲೆ ಬಗ್ಗಿದ್ದ.

"ಏನಯ್ಯಾ ಮಾಡ್ತಿದೀಯ?"

"ಏನಿಲ್ಲ ಸಾರ್." ಅವನ ಕೈಯಲ್ಲಿ ಅವನದೇ ಪಾಸ್‌ಪೋರ್ಟ್.

"ಖಾಲಿ ಬೋಗುಣಿಗೆ ಉಜ್ತಿದೀಯಲ್ಲೋ."

"ತಳದಲ್ಲಿ ಸ್ವಲ್ಪ ಉಳಿದಿರುತ್ತೆ ಸಾರ್."

"ನೀನು ಮುಸಲ್ಮಾನ."

"ವೀಸಾಗೇನು ಗೊತ್ತು ಸಾರ್."

ಬೈಯಲು ಬಾಯಿ ತೆರೆದ ಅಡೊಮಾಕೊ ಹಾಗೇ ನಿಂತರು. ಕಳ್ಳನಿಗೂ ಬೇಕಾಗಿದ್ದು ಪಾಸ್‌ಪೋರ್ಟಲ್ಲ, ಉಜ್ಜಾಟ. ಸಾಲಿನಲ್ಲಿ ಸಿಕ್ಕ ಒಂದು ಗಳಿಗೆ ಸಾಲದೆ ಮನೆಗೆ ಒಯ್ದಿದ್ದಾನೆ. ಅಷ್ಟೊಂದು ಅವಸರ ಯಾರಿಗಿರುತ್ತದೆ? ವೀಸಾ ಸಂದರ್ಶನ ಹತ್ತಿರವಿದ್ದವರಿಗೆ.

ಪ್ರವಾದಿಗೆ ಫೋನ್ ಹೋಯಿತು. ಈ ವಾರ ಸಂದರ್ಶನ ಯಾರಿಗೆ? ಒಬ್ಬರಿಗೇ. ಬುಧವಾರ, ಅಕ್ರಾದಲ್ಲಿ. ಬಾದು ಮೇಷ್ಟ್ರಿಗೆ.

ಅಡೊಮಾಕೊ ನಿಟ್ಟುಸಿರು ಬಿಟ್ಟರು. ಅಡೊಮಾಕೊಗೆ ಶಾಲೆಯಲ್ಲಿ ಭೂಗೋಳ ಕಲಿಸಿದವರು ಬಾದು. ಒಂದು ರಾಜಧಾನಿಯ ಹೆಸರು ತಪ್ಪು ಹೇಳಿದ್ದಕ್ಕೆ ಕೈಯ ಮೇಲೆ ಬಾರಿಸಿದವರು. ಇಡೀ ಪ್ರಪಂಚದ ನಕ್ಷೆಯನ್ನು ಬೋರ್ಡಿನ ಮೇಲೆ ನೋಡದೆ ಬರೆಯುತ್ತಿದ್ದರು. ಗಡಿ ದಾಟಿದ್ದು ಮಾತ್ರ ಆ ಬೋರ್ಡಿನ ಮೇಲೆಯೇ.

ಸಂಜೆ ಮನೆಗೆ ಹೋದರೆ ಬೀಗ. ಮೇಷ್ಟ್ರು ತಂಗಿಯ ಊರಿಗೆ ಹೋಗಿದ್ದಾರೆ, ನಾಳೆ ಅಲ್ಲಿಂದ ಬಂದು ಹಾಗೇ ಅಕ್ರಾ ಬಸ್ಸು ಹತ್ತುತ್ತಾರೆ ಎಂದರು ಪಕ್ಕದವರು.

ಮಂಗಳವಾರ ಪೊಲೀಸ್ ಜೀಪು ಎಂದಿನಂತೆ ಕೆಟ್ಟು, ಬಸ್ ನಿಲ್ದಾಣ ತಲಪುವಾಗ ಮಧ್ಯಾಹ್ನ ಒಂದು ಗಂಟೆ. ಮೇಷ್ಟ್ರು ಬಸ್ಸಿನಲ್ಲಿ ಬೆಳಿಗ್ಗೆ ಹತ್ತರಿಂದ ಕೂತಿದ್ದರು. ಸೀಟೆಲ್ಲ ತುಂಬದೆ ಬಸ್ಸು ಹೊರಡುವುದಿಲ್ಲ, ಇನ್ನೊಂದೇ ಸೀಟು ಖಾಲಿ ಇತ್ತು. ಸಾವಿಗೆ ಉಡುವ ಕಪ್ಪು ಬಟ್ಟೆ ಹೊದ್ದಿದ್ದರು.

"ಹತ್ತಪ್ಪ ಅಡೊಮಾಕೊ," ಅಂದರು. "ನೀನು ಕೂತ್ರೆ ಬಸ್ಸು ಹೊರಡುತ್ತೆ."

"ಇಳೀರಿ ಮೇಷ್ಟ್ರೇ."

ಹೆಗಲ ಚೀಲದಲ್ಲಿ ಎರಡು ಪಾಸ್‌ಪೋರ್ಟುಗಳು ಮುಖಕ್ಕೆ ಮುಖ ಹಚ್ಚಿ ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿಕೊಂಡಿದ್ದವು. ಒಂದರಲ್ಲಿ ಫ್ರೇಮಾ, ಇನ್ನೊಂದರಲ್ಲಿ ಬಾದು. ಪಂಚನಾಮೆಗೆ ಡ್ರೈವರ್ ಸಹಿ ಹಾಕಿದ. ಈಗ ಎರಡು ಸೀಟು ಖಾಲಿಯಾಯಿತೆಂದು ಗೊಣಗಿದ.

ಠಾಣೆಯಲ್ಲಿ ಹೇಳಿಕೆ.

"ಕದ್ದಿದ್ದು ಹೌದಾ?"

"ಹೌದು. ನಾಳೆ ಸಂಜೆ ಅವಳ ಮನೆಗೇ ತಂದುಕೊಡ್ತಿದ್ದೆ."

"ಎಲ್ಲಿಗೆ ಹೊರಟಿದ್ರಿ?"

"ಹೆಂಡ್ರಿಕ್ ಸತ್ತುಹೋದ. ಮುಂದಿನ ವಾರ ಮಣ್ಣು."

ಹೆಂಡ್ರಿಕ್ ಎಂದರೆ ಮೇಷ್ಟ್ರ ವಿದೇಶಿ ಪತ್ರಮಿತ್ರ. ಸ್ನೇಹಕ್ಕೆ ನಲವತ್ತು ವರ್ಷ.

"ನಮ್ಮಮ್ಮ ಹೋದಾಗ ಒಂದು ಫೋನ್ ಮಾಡ್ದೆ. ಮುಂದಿನ ಶನಿವಾರ ಇಲ್ಲಿದ್ದ. ವೀಸಾಗೆ ಅಂಚೇಲಿ ಹಾಕಿದ್ನಂತೆ, ಅಂಚೇಲೇ ಬಂತಂತೆ. ಕಪ್ಪು ಬಟ್ಟೆ ಉಟ್ಟು, ನಮ್ಮ ಮನೆಯವರ ಜೊತೆ ಕುರ್ಚಿ ಮೇಲೆ ಕೂತು ಬಂದೋರ ಕೈಯೆಲ್ಲ ಕುಲುಕಿದ. ಅವನ ಮುಖ ಬಿಸಿಲಿಗೆ ಸೀಗಡಿ ಥರ ಕೆಂಪಾಗಿತ್ತು. ನಮ್ಮ ಸಾವಿಗೆ ಬಂದೋನ ಸಾವಿಗೆ ಹೋಗದೆ ಇದ್ರೆ ನಾನು ಮನುಷ್ಯನೇನಯ್ಯಾ?"

"ವೀಸಾ ಕೊಡೋರು ಏನಂತಾರೆ?"

"ರಕ್ತಸಂಬಂಧ ತೋರ್ಸು ಅಂತಾರೆ. ವಾಪಸ್ ಬರೋಕೆ ಕಾರಣ ತೋರ್ಸು ಅಂತಾರೆ. ನನಗೆ ಎಪ್ಪತ್ತೊಂದು. ಅಲ್ಲಿ ಉಳ್ಕೊಂಡು ಏನ್ ಮಾಡ್ಲಿ, ಹಿಮ ಗುಡಿಸ್ಲಾ?"

ಹೇಳಿಕೆಗೆ ಸಹಿ ಹಾಕಿಸಿ ಮೂರು ಗಂಟೆಗೆ ಬಂಧನ ದಾಖಲಿಸಿದರು. ಅಷ್ಟರಲ್ಲಿ ಫ್ರೇಮಾ ಓಡೋಡಿ ಬಂದಳು. ತೋಳಿನ ಚೀಲದಲ್ಲಿ ಮಗುವಿನ ಮೈಗೆ ಹಚ್ಚುವ ಶಿಯಾ ಬೀಜದ ಬೆಣ್ಣೆಯ ಡಬ್ಬಿ, ಮೈ ಉಜ್ಜುವ ನಾರಿನ ಉಂಡೆ. ಕಂಬಿಯಾಚೆ ಮೇಷ್ಟ್ರನ್ನು ಕಂಡು ನಿಂತಳು.

"ಮೇಷ್ಟ್ರೇ, ಕೇಳಿದ್ರೆ ಕೊಡ್ತಿದ್ನಲ್ಲ. ಎರಡು ದಿನ ಉಜ್ಕೊಳ್ಳಿ ಅಂತಿದ್ದೆ."

ಮೇಷ್ಟ್ರು ನೆಲ ನೋಡಿದರು. "ಕೇಳಿದ್ರೆ ಕೊಡಲ್ಲ ಅನ್ನೋದೇ ಅಭ್ಯಾಸ ಆಗ್ಬಿಟ್ಟಿದೆ ಕಣಮ್ಮ."

ಅವಳು ಅಡೊಮಾಕೊ ಕಡೆ ತಿರುಗಿದಳು. "ದೂರು ವಾಪಸ್ ತಗೋತೀನಿ ಸಾರ್. ಅವರನ್ನ ಬಿಟ್ಬಿಡಿ, ನನಗೆ ಪಾಸ್‌ಪೋರ್ಟ್ ಕೊಡಿ. ನಾಡಿದ್ದು ವಿಮಾನ."

ಅಡೊಮಾಕೊ ಅಪರೂಪಕ್ಕೆ ನಕ್ಕರು. ಒಂದೇ ರಾಜಿಪತ್ರದಲ್ಲಿ ಎಲ್ಲ ಮುಗಿಯುತ್ತದೆ. ಮೇಷ್ಟ್ರನ್ನು ರಾತ್ರಿಯ ಬಸ್ಸಿಗೆ ತಾವೇ ಹತ್ತಿಸುವುದು, ಫ್ರೇಮಾಳನ್ನು ಗುರುವಾರ ವಿಮಾನಕ್ಕೆ. ಪಾಸ್‌ಪೋರ್ಟ್ ಸಿಕ್ಕಿದೆಯೆಂದು ತಿಳಿಸಲು ಉತ್ಸಾಹದಿಂದ ಅಕ್ರಾಕ್ಕೆ ಫೋನ್ ಮಾಡಿದರು.

"ಒಳ್ಳೇದು," ಅಂದಿತು ಆಚೆಯ ದನಿ. "ಆದ್ರೆ ಅದು ನಿನ್ನೇನೇ ರದ್ದಾಗಿದೆ. ನೀವು ಬೆಳಿಗ್ಗೇನೇ ಕಳಿಸಿದ್ರಲ್ಲ, ಶಹಭಾಷ್. ಮಧ್ಯಾಹ್ನದೊಳಗೆ ನಂಬರು ಎಲ್ಲಾ ದೇಶದ ವಿಮಾನ ನಿಲ್ದಾಣಕ್ಕೂ ಹೋಯ್ತು."

"ಈಗ ಸಿಕ್ಕಿದೆ ಸ್ವಾಮಿ. ನನ್ನ ಕೈಯಲ್ಲೇ ಇದೆ."

"ಕಳುವು ಅಂತ ಒಂದ್ಸಲ ಪಟ್ಟಿಗೆ ಹತ್ತಿದ್ರೆ ಮುಗೀತು, ಸಿಕ್ಕಿದ್ರೂ ಅದು ಕಳುವಾದದ್ದೇ. ಅದನ್ನ ಹಿಡ್ಕೊಂಡು ಹೋದ್ರೆ ಆಯಮ್ಮನ್ನೇ ಹಿಡೀತಾರೆ."

"ವೀಸಾ?"

"ಪಾಸ್‌ಪೋರ್ಟ್ ಜೊತೆ ಅದೂ ಹೋಯ್ತು. ಹೊಸಾ ಪಾಸ್‌ಪೋರ್ಟ್, ಹೊಸಾ ಅರ್ಜಿ, ಹೊಸಾ ಸಂದರ್ಶನ."

ಅಡೊಮಾಕೊ ಫೋನ್ ಇಟ್ಟರು. ಕೇಳಿದ್ದನ್ನೆಲ್ಲ ಫ್ರೇಮಾಳಿಗೆ ಹೇಳಿದರು.

ಫ್ರೇಮಾ ತೋಳಿನ ಚೀಲವನ್ನು ಮೇಜಿನ ಮೇಲಿಟ್ಟಳು. "ನನ್ನ ನಂಬರು ಎಲ್ಲಾ ದೇಶಕ್ಕೂ ಹೋಗಿ ಬಂತಾ ಸಾರ್?"

"ಹೂಂ."

"ಅದಕ್ಕೆ ವೀಸಾ ಕೇಳ್ಲಿಲ್ವಾ ಯಾರೂ?"

ಕಂಬಿಯಾಚೆ ಮೇಷ್ಟ್ರು ಮುಖ ಮುಚ್ಚಿಕೊಂಡರು.

ಹೊಸ ಪಾಸ್‌ಪೋರ್ಟಿಗೆ ಪೊಲೀಸ್ ವರದಿ ಬೇಕು. ಅದಕ್ಕೂ ರಾಜಿಪತ್ರಕ್ಕೂ ಅವಳು ಸಹಿ ಹಾಕಬೇಕು. ಫುಸೇನಿ ಅಂದು ಬಂದಿದ್ದ ಅಂಚೆಯ ಲಕೋಟೆ ಒಡೆದ. ಒಳಗೆ ನೀಲಿ ಪೆನ್ನು, ಜೊತೆಗೊಂದು ಚೀಟಿ. ಟೋಪಿಯ ಪ್ರವಾಸಿ ಕ್ಷಮೆ ಕೇಳಿದ್ದ. ಗೊತ್ತಿಲ್ಲದೆ ಜೇಬಿನಲ್ಲೇ ಉಳಿದುಬಿಟ್ಟಿತ್ತಂತೆ. ಅವನ ಜೊತೆ ನಾಲ್ಕು ದೇಶ ಸುತ್ತಿತಂತೆ.

ಫುಸೇನಿ ಪೆನ್ನನ್ನು ಮತ್ತೆ ದಾರಕ್ಕೆ ಕಟ್ಟಿದ. ಈ ಸಲ ಅರ್ಧ ಅಡಿ ಕಡಿಮೆ ಮಾಡಿದ. ಸಹಿ ಹಾಕಲು ಫ್ರೇಮಾ ಮೇಜಿನ ಮೇಲೆ ಪೂರ್ತಿ ಬಗ್ಗಬೇಕಾಯಿತು.