ಸೋಪಿನ ಬಕೆಟ್ಟಿನಲ್ಲಿ ಕೆಂಪು ಸೆರಗು

ಹನ್ನೆರಡು ಬಾಟಲಿ ಇರಬೇಕಾದ ಪೆಟ್ಟಿಗೆಯಲ್ಲಿ ಎಂಟೇ ಇದ್ದವು.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ. ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನ ಹೊರಗೆ, ಬಾಳೆತೋಟದ ಅಂಚಿನಲ್ಲಿರುವ 'ಕಡಲಮನೆ' ಹೋಂಸ್ಟೇಯ ಉಗ್ರಾಣದ ಬಾಗಿಲಲ್ಲಿ ಒಡತಿ ಶಿವರಂಜನಿ ನಿಂತಿದ್ದಳು. ನೆಲದ ಮೇಲೆ ಅವಸರದಲ್ಲಿ ಒರೆಸಿದ ಕೆಂಪು ಗುರುತು. ಗೋಡೆಯ ಬುಡದಲ್ಲಿ ಹಸಿರು ಗಾಜಿನ ಎರಡು ಚೂರು. ಯಾರೋ ಒಂದು ಬಾಟಲಿ ಒಡೆದಿದ್ದರು, ಮೂರನ್ನು ಒಯ್ದಿದ್ದರು. ಜಗಲಿಯಲ್ಲಿ ಮೈಸೂರಿನಿಂದ ಬಂದ ಆರು ಜನ ಅತಿಥಿಗಳು ವೈನಿನ ರುಚಿ ನೋಡಲು ಕಾದು ಕುಳಿತಿದ್ದರು.

ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಕಳ್ಳಿ ಸಿಕ್ಕಿಬಿದ್ದಳೆಂದು ಊರೇ ಹೇಳತೊಡಗಿತ್ತು. ಅಡುಗೆಯ ಸಣ್ಣತಾಯಮ್ಮ. ಸಾಕ್ಷಿ? ಅಡುಗೆಮನೆಯ ಹಿಂದಿನ ಬಕೆಟ್ಟಿನಲ್ಲಿ ನೆನೆಹಾಕಿದ್ದ ಅವಳ ಸೀರೆ. ಅದರ ಸೆರಗು ಕೆಂಪಗಾಗಿತ್ತು.

ಈ ಸುದ್ದಿ ಕುಲ್ಸುಂ ಬಿಯ ಕಿವಿಗೆ ಬಿದ್ದದ್ದು ಸೋಮವಾರ.

ಅರವತ್ತೆರಡರ ಕುಲ್ಸುಂ ಬಿ ಚಾಮರಾಜನಗರದಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದವರ ಮನೆಯ ಮಗಳು. ಮದುವೆಯಾಗಿ ಗುಂಡ್ಲುಪೇಟೆಗೆ ಬಂದ ಮೇಲೆ ಬಸ್‌ ನಿಲ್ದಾಣದ ಹಿಂದೆ ಬಟ್ಟೆ ಒಗೆದು, ಬಣ್ಣ ಹಾಕಿ, ಸೀರೆ ಪಾಲಿಶ್ ಮಾಡುವ ಅಂಗಡಿ ಇಟ್ಟಿದ್ದಳು. ನಲವತ್ತು ವರ್ಷದ ಬಣ್ಣ ಉಗುರಿನ ಸಂದಿಯಲ್ಲಿ ಕೂತುಬಿಟ್ಟಿತ್ತು. ಪ್ರತಿ ಸೋಮವಾರ ತಮ್ಮನ ಮಗ ಮುಜೀಬನ ಗೂಡ್ಸ್ ಆಟೊದಲ್ಲಿ ಬಂದು ಕಡಲಮನೆಯ ಹಾಸು, ಹೊದಿಕೆ, ಮೇಜಿನ ಬಟ್ಟೆ, ಕೆಲಸದವರ ಬಿಳಿ ಅಂಗಿ — ಎಲ್ಲವನ್ನೂ ಗಂಟು ಕಟ್ಟಿಸಿ ಒಯ್ಯುತ್ತಿದ್ದಳು. ಬಂದ ಕೂಡಲೇ ಅಡುಗೆಮನೆಯ ಮೆಟ್ಟಿಲ ಮೇಲೆ ಸಣ್ಣತಾಯಮ್ಮ ಕೊಡುವ ಒಂದು ಲೋಟ ಕಾಫಿ. ಅದು ಮೂರು ವರ್ಷದ ವಾಡಿಕೆ.

ಈ ಸೋಮವಾರ ಕಾಫಿ ಇರಲಿಲ್ಲ. ಒಲೆಯೂ ಹೊತ್ತಿರಲಿಲ್ಲ.

ಶಿವರಂಜನಿ ಬಂದು ನಡೆದದ್ದನ್ನು ಹೇಳಿದಳು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಆ ದನಿಯಲ್ಲಿ. ಅವಳು ಕುಂದಾಪುರದ ಕಡೆಯವಳು. ಒಂಬತ್ತು ವರ್ಷ ಅಲ್ಲಿಯ ಕಡಲ ದಂಡೆಯಲ್ಲಿ ಎರಡು ಕೋಣೆಯ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಂಡು, ಬೆಳಗಿನ ತಿಂಡಿ ಹಾಕಿ, ಸಂಜೆ ಅಲೆ ನೋಡುತ್ತ ಅವರೊಂದಿಗೆ ಕೂತು ಒಂದು ಲೋಟ ವೈನ್ ಕುಡಿದು ಬದುಕಿದವಳು. ದಂಡೆಯನ್ನು ಸಮುದ್ರ ಕೊರೆದ ಮೇಲೆ ಇಲ್ಲಿಗೆ ಬಂದು, ಸಮುದ್ರವಿಲ್ಲದ ಊರಿನಲ್ಲಿ ಕಡಲಮನೆ ಎಂದು ಹೆಸರಿಟ್ಟು, ಬಂಡೀಪುರಕ್ಕೆ ಹೋಗುವವರಿಗೆ ಕೋಣೆ ತೆರೆದಿದ್ದಳು. ಇಲ್ಲಿ ಅಲೆ ಇರಲಿಲ್ಲ, ವೈನ್ ಮಾತ್ರ ಉಳಿದಿತ್ತು. ನಂದಿಯ ತಪ್ಪಲಿನದು ಒಂದು, ವಿಜಯಪುರದ ಕಪ್ಪು ಮಣ್ಣಿನದು ಇನ್ನೊಂದು ಎಂದು ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ತೋರಿಸಿ, ಮೂಸಲು ಹೇಳಿ, ಮೊದಲ ಗುಟುಕನ್ನು ನಾಲಿಗೆಯ ಮೇಲೆ ತಡೆಯಲು ಹೇಳುತ್ತಿದ್ದಳು. ಜೊತೆಗೆ ಸಣ್ಣತಾಯಮ್ಮನ ಅವರೆಕಾಳು ಉಸಲಿ. ಅದಕ್ಕಾಗಿಯೇ ಎರಡನೇ ಸಲ ಬಂದವರಿದ್ದರು.

ಅವರು ಏನು ಕುಡಿದರೂ ಕುಲ್ಸುಂ ಬಿಗೆ ಬೇಕಿರಲಿಲ್ಲ. ಆದರೆ ಅವರು ಚೆಲ್ಲುತ್ತಿದ್ದರು. ಮೊದಲ ವಾರವೇ ಅವಳು ಶಿವರಂಜನಿಗೆ ಹೇಳಿದ್ದಳು — ಮೇಜಿನ ಬಟ್ಟೆಗೆ ವೈನ್ ಬಿದ್ದರೆ ನೀವು ಸೋಪು ಮುಟ್ಟಿಸಬೇಡಿ, ಹಾಗೇ ನನಗೆ ಕೊಡಿ ಎಂದು.

"ಎಂತ ಹೇಳುವುದು ಕುಲ್ಸುಂ ಬೀ," ಎಂದಳು ಶಿವರಂಜನಿ. "ಕಣ್ಣಾರೆ ನೋಡಿದೆ. ಇಲ್ಲದಿದ್ದರೆ ನಂಬುತ್ತಿರಲಿಲ್ಲ."

"ನೋಡಿದ್ದು ಸೀರೇನ. ಅವಳು ಕದ್ದಿದ್ದನ್ನ ಯಾರು ನೋಡಿದ್ರು?"

ಯಾರೂ ನೋಡಿರಲಿಲ್ಲ. ಉಗ್ರಾಣದ ಬೀಗದ ಕೈ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಯಾರು ಬೇಕಾದರೂ ತೆಗೆಯಬಹುದಿತ್ತು. ಶುಕ್ರವಾರ ಪೆಟ್ಟಿಗೆ ತುಂಬಿತ್ತು; ಶನಿವಾರ ಮನೆಯಲ್ಲಿ ಇದ್ದ ಕೆಲಸದವರು ಇಬ್ಬರೇ — ಸಣ್ಣತಾಯಮ್ಮ ಮತ್ತು ಮ್ಯಾನೇಜರ್ ಮಾದೇಶ. ಬಕೆಟ್ಟಿನ ಸೀರೆಯನ್ನು ಭಾನುವಾರ ಕಂಡುಹಿಡಿದವನೂ ಮಾದೇಶ. ಬಕೆಟ್ಟು ಕಾಣದಂತೆ ಸೆರಗಿನದಷ್ಟೇ ಫೋಟೊ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಕಳಿಸಿದವನೂ ಅವನೇ. ಸಣ್ಣತಾಯಮ್ಮ ಕೆಲಸಕ್ಕೆ ಬಂದಾಗ ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದ್ದರು.

"ಸೀರೆ ಅವಳಿಗೆ ತೋರಿಸಿದ್ರಾ?"

ಇಲ್ಲ. ತೋರಿಸಿರಲಿಲ್ಲ.

ಕುಲ್ಸುಂ ಬಿ ಕಾಫಿಯಿಲ್ಲದ ಮೆಟ್ಟಿಲ ಕಡೆ ನೋಡಿದಳು. ನಾಯಿಯನ್ನು ಓಡಿಸುವಾಗಲೂ ಅದು ಏನು ಕಚ್ಚಿತು ಅಂತ ಒಮ್ಮೆ ತಿರುಗಿ ನೋಡುತ್ತಾರೆ. ಮೂರು ವರ್ಷ ಅನ್ನ ಬೇಯಿಸಿ ಹಾಕಿದವಳಿಗೆ ಅಷ್ಟೂ ಇಲ್ಲವೇ?

ಮಾದೇಶ ಬಟ್ಟೆಯ ಗಂಟು ತಂದ. ಮೂವತ್ತರ ಹುಡುಗ, ಇದೇ ಊರಿನವನು, ಎಣ್ಣೆ ಹಾಕಿ ಬಾಚಿದ ಕ್ರಾಪು. ಕುಲ್ಸುಂ ಬಿ ವಾಡಿಕೆಯಂತೆ ಒಂದೊಂದನ್ನೇ ಬಿಡಿಸಿ ನೋಡಿದಳು. ಅವನದೇ ಒಂದು ಬಿಳಿ ಅಂಗಿ. ಬಲ ತೋಳಿನ ತುದಿಯಲ್ಲಿ ಅಂಗೈಯಗಲದ ಕಲೆ — ಬೂದಿ ಬೆರೆತ ನೀಲಿ.

"ಏನಪ್ಪಾ ಇದು?"

"ಇಂಕು ಬೂಬಮ್ಮ. ಪೆನ್ನು ಲೀಕಾಯ್ತು."

"ಸೋಪು ಹಾಕಿ ಉಜ್ಜಿದ್ಯಾ?"

"ಉಜ್ಜಿದೆ, ಓಗ್ಲಿಲ್ಲ. ನಿಮ್ ಕೈಗುಣದಲ್ಲಿ ಓದ್ರೆ ನೋಡಿ," ಎಂದು ನಕ್ಕ.

ಮೇಜಿನ ಮೇಲೆ ಅತಿಥಿಗಳ ಪುಸ್ತಕ ತೆರೆದಿತ್ತು. ಅದರ ನಡುವೆ ದಾರ ಕಟ್ಟಿದ ಒಂದು ಬಾಲ್‌ಪೆನ್. ಕಪ್ಪು. ಕುಲ್ಸುಂ ಬಿ ಅದನ್ನು ನೋಡಿದಳು. ಅಂಗಿಯನ್ನು ಮಡಿಸಿ ಗಂಟಿನ ಮೇಲೆ ಬೇರೆಯಾಗಿ ಇಟ್ಟಳು.

ಸೀರೆ ತೋರಿಸಿ ಎಂದಳು. ಪೊಲೀಸರಿಗೆ ಬೇಕಾಗಬಹುದು, ಯಾರೂ ಮುಟ್ಟಬಾರದು ಎಂದ ಮಾದೇಶ. ತರಲಿ ಎಂದಳು ಶಿವರಂಜನಿ. ಬಾಯಿ ಬಿಗಿದ ಪ್ಲಾಸ್ಟಿಕ್ ಕವರಿನೊಳಗೆ ಸೀರೆ ಇನ್ನೂ ಸೋಪಿನ ನೀರಿನಲ್ಲೇ ತೊಯ್ದಿತ್ತು. ಸೆರಗಿನ ಮೇಲೆ ಇಟ್ಟಿಗೆಯ ಕೆಂಪು. ಕುಲ್ಸುಂ ಬಿ ಕವರನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಆಮೇಲೆ ಅದನ್ನು ಶಿವರಂಜನಿಯ ಕೈಗೇ ಕೊಟ್ಟು, ನಾನು ಬರುವವರೆಗೆ ಇದು ನಿಮ್ಮ ಹತ್ತಿರವೇ ಇರಲಿ ಎಂದಳು.

ಆಟೊ ಊರೊಳಗೆ ಹೋಯಿತು.

ಸಣ್ಣತಾಯಮ್ಮ ಹಗಲಲ್ಲೇ ಬಾಗಿಲು ಹಾಕಿಕೊಂಡು ಕೂತಿದ್ದಳು. ಐದು ವರ್ಷದ ಹಿಂದೆ ಇದೇ ಹೆಂಗಸು ಊರಿನ ಮೂವತ್ತು ಜನ ಹೆಂಗಸರನ್ನು ಕಟ್ಟಿಕೊಂಡು, ಪುಟ್ಟಮಾದುವಿನ ಕಳ್ಳ ಸಾರಾಯಿ ಅಂಗಡಿಯ ಮುಂದೆ ಹನ್ನೊಂದು ದಿನ ಕೂತು ಅದನ್ನು ಮುಚ್ಚಿಸಿದ್ದಳು. ಆಗ ಅವರು ಹಿಡಿದಿದ್ದ ಬ್ಯಾನರಿನ ಬಟ್ಟೆಗೆ ಬಣ್ಣ ಹಾಕಿಕೊಟ್ಟವಳು ಕುಲ್ಸುಂ ಬಿ. ಅದಾದ ಮೇಲೆ ಸಣ್ಣತಾಯಮ್ಮ ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ. ಈಗ ಸಂಘದವರು ಗುರುವಾರದ ಸಭೆಗೆ ಬರಬೇಡ ಎಂದಿದ್ದರು.

"ಬೆಳಗ್ಗೆ ಡೈರಿಗೆ ಆಲು ಉಯ್ಯಕ್ಕೆ ಓಗಿದ್ದೆ ಬೂಬಮ್ಮ," ಎಂದಳು ಸಣ್ಣತಾಯಮ್ಮ. ಅಳುತ್ತಿರಲಿಲ್ಲ, ಅತ್ತು ಮುಗಿದಿತ್ತು. "ಪುಟ್ಟಮಾದು ಎಲ್ಲಾರ್ ಮುಂದೆ ಏನಂದ ಗೊತ್ತಾ? ಅಧ್ಯಕ್ಷೆಗೆ ಬಾಟ್ಲಿ ಬೇಕಾಗಿದ್ರೆ ನನ್ನೇ ಕೇಳ್ಬೋದಿತ್ತಲ್ಲಾ, ಕದಿಯೋದ್ಯಾಕೆ ಅಂದ. ಎಲ್ಲಾ ನಗಾಡ್ಬುಟ್ರು. ನನ್ ಜೊತೆ ಅನ್ನೊಂದು ದಿನ ಕೂತಿದ್ದೋರೂ ನಗಾಡ್ಬುಟ್ರು."

"ಪುಟ್ಟಮಾದುಗೂ ಆ ಮ್ಯಾನೇಜರ್ ಹುಡುಗನಿಗೂ ಏನಾಗಬೇಕು?"

"ಸ್ವಾದ್ರಮಾವ."

ಕುಲ್ಸುಂ ಬಿ ತಲೆಯಾಡಿಸಿದಳು. ಶನಿವಾರದ ಸಂಗತಿಯನ್ನು ಮೊದಲಿಂದ ಹೇಳು, ಏನೂ ಬಿಡಬೇಡ ಎಂದಳು.

ಬಿಡುವಂಥದ್ದು ಏನೂ ಇರಲಿಲ್ಲ. ಬೆಳಿಗ್ಗೆ ತಂಗಿಯ ಕಣದಲ್ಲಿ ಒಣಗಿದ ಅರಿಶಿನ ಪಾಲಿಶ್ ಮಾಡುವ ಕೆಲಸ. ಡ್ರಮ್ಮು ತಿರುಗಿಸಿ ಮೈಯೆಲ್ಲ ಧೂಳು. ಅಲ್ಲಿಂದ ನೇರ ಕಡಲಮನೆಗೆ. ಅಲ್ಲಿ ಸೀರೆ ಬದಲಿಸಿ, ಉಟ್ಟಿದ್ದನ್ನು ಸೋಪಿನ ಪುಡಿ ಹಾಕಿದ ಬಕೆಟ್ಟಿಗೆ ಅದ್ದಿಟ್ಟಳು. ಅಷ್ಟರಲ್ಲಿ ಅತಿಥಿಗಳು ಬಂದರು. ಎಂದಿನಂತೆ ಅರಿಶಿನಕ್ಕೆ ಸುಣ್ಣ ಕಲಸಿ, ಕೆಂಪು ನೀರಿನ ಆರತಿ ಎತ್ತಿ ಒಳಗೆ ಕರೆದಳು. ಅಡುಗೆಯ ಗಡಿಬಿಡಿಯಲ್ಲಿ ಸೀರೆ ಮರೆತೇಹೋಯಿತು.

"ಅದ್ರ ಮೇಲೆ ವೈನ್ ಕಲೆ ಅದಂತೆ. ನಾನ್ ಕಣ್ಣಲ್ಲೂ ನೋಡಿಲ್ಲ. ಯಾರ್ ಉಯ್ದ್ರೋ, ಯಾಕ್ ಉಯ್ದ್ರೋ."

"ಯಾರೂ ಉಯ್ದಿಲ್ಲ," ಎಂದಳು ಕುಲ್ಸುಂ ಬಿ. "ಎದ್ದು ಮುಖ ತೊಳ್ಕೋ. ಮನೇಲಿ ನಿಂಬೆಹಣ್ಣು ಇದ್ಯಾ?"

ಒಂದಿತ್ತು.

ಕಡಲಮನೆಯ ಜಗಲಿಯ ಮೇಜಿನ ಮೇಲೆ ಕುಲ್ಸುಂ ಬಿ ಎರಡು ಬಟ್ಟೆ ಹರಡಿದಳು. ಒಂದು ಕಡೆ ಸೀರೆಯ ಕೆಂಪು ಸೆರಗು. ಇನ್ನೊಂದು ಕಡೆ ಮಾದೇಶನ ಅಂಗಿ. ಸಣ್ಣತಾಯಮ್ಮನನ್ನು ಒಳಗೆ ಬಿಟ್ಟದ್ದು ಯಾಕೆ ಎಂದು ಮಾದೇಶ ಗೊಣಗಿದ. ಸೆರಗು ಕಂಡ ಸಣ್ಣತಾಯಮ್ಮ ಬಾಯಿ ತೆರೆದಳು — ಕುಲ್ಸುಂ ಬಿ ಕೈ ಎತ್ತಿ ತಡೆದಳು.

ನಿಂಬೆಹಣ್ಣನ್ನು ಎರಡು ಹೋಳು ಮಾಡಿದಳು. ಮೊದಲ ಹೋಳನ್ನು ಸೆರಗಿನ ಮೇಲೆ ಹಿಂಡಿ ಬೆರಳಲ್ಲಿ ತಿಕ್ಕಿದಳು.

ಕೆಂಪು ಸರಿಯಿತು. ಅದರ ಜಾಗದಲ್ಲಿ ಹಳದಿ ಎದ್ದುಬಂತು. ಹೊಸ್ತಿಲಿಗೆ ಹಚ್ಚುವ ಅಪ್ಪಟ ಹಳದಿ.

"ಅರಿಶಿನ," ಎಂದಳು ಕುಲ್ಸುಂ ಬಿ. "ಸುಣ್ಣ ಬಿದ್ರೆ ಹೆಂಗೆ ಕೆಂಪಾಯ್ತದೋ, ಸೋಪು ಬಿದ್ರೂ ಹಂಗೇ. ಬಂದ ಅತಿಥಿಗೆಲ್ಲ ನೀವು ಆ ಕೆಂಪು ನೀರಲ್ಲೇ ಆರತಿ ಎತ್ತಿಸ್ತೀರಿ ಮೇಡಂ. ಅದನ್ನೇ ಅವಳ ಸೀರೆ ಮೇಲೆ ನೋಡಿ ಕಳ್ಳಿ ಅಂದ್ರಿ."

ಶಿವರಂಜನಿ ತಿರುಗಿ ನೋಡಿದಳು. ಮೆಟ್ಟಿಲ ಪಕ್ಕದ ಗೂಡಿನಲ್ಲಿ ಆರತಿಯ ತಟ್ಟೆ ಇತ್ತು. ಅದರ ತಳದಲ್ಲಿ ಶನಿವಾರದ ನೀರು ಒಣಗಿ ಅದೇ ಇಟ್ಟಿಗೆಯ ಕೆಂಪು ಅಂಟಿತ್ತು.

"ಹಾಗಾದರೆ ವೈನ್?"

"ವೈನಿನ ಕಲೆ ಸೋಪಿನಲ್ಲಿ ಕೆಂಪಾಗಿ ಉಳಿಯೋದೇ ಇಲ್ಲ. ಸೋಪು ಮುಟ್ಟಿಸ್ಬೇಡಿ ಅಂತ ನಾನು ಯಾಕೆ ಹೇಳಿದ್ದೆ? ಮುಟ್ಟಿಸಿದ್ರೆ ನೀಲಿಯಾಗಿ ಕೂತ್ಬಿಡುತ್ತೆ. ಇಂಕಿನ ಥರ."

ಎರಡನೇ ಹೋಳನ್ನು ಅಂಗಿಯ ತೋಳಿನ ಮೇಲೆ ಹಿಂಡಿದಳು.

ಬೂದಿನೀಲಿ ಮೆಲ್ಲಗೆ ಕದಡಿತು. ಅಂಚಿನಿಂದ ಗುಲಾಬಿ ಬಣ್ಣ ಹೊರಟು ನಡುವಿಗೆ ಹಬ್ಬಿತು. ಮೂಗಿನ ಹತ್ತಿರ ಹಿಡಿದು ನೋಡಬೇಕಾದ ಅಗತ್ಯವಿರಲಿಲ್ಲ. ಶಿವರಂಜನಿಗೆ ಆ ಬಣ್ಣ ಗೊತ್ತಿತ್ತು. ಎಷ್ಟೋ ಸಂಜೆ ಅದನ್ನು ಲೋಟದಲ್ಲಿ ಬೆಳಕಿಗೆ ಹಿಡಿದಿದ್ದಳು.

"ಯಾವ ಪೆನ್ನಪ್ಪಾ ಅದು?" ಎಂದಳು ಕುಲ್ಸುಂ ಬಿ. "ಈ ಮನೇಲಿ ಇರೋದು ದಾರ ಕಟ್ಟಿದ ಒಂದು ಪೆನ್ನು. ಅದೂ ಕಪ್ಪು."

ಮಾದೇಶ ಅಂಗಿಗೆ ಕೈ ಚಾಚಿದ; ಕುಲ್ಸುಂ ಬಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಮೇಡಂ ಕಡಲ ಕಡೆಯೋರು. ಸೋಪಿನ ಬಕೆಟ್ಟು ನೋಡಿ ಮೋಸಹೋದ್ರು. ನೀನು ಭೀಮನಬೀಡಿನೋನು. ಅರಿಶಿನದ ಕಣದಲ್ಲೇ ನಡೆಯೋದು ಕಲಿತೋನು. ನಿಮ್ಮವ್ವ ನಿನ್ನ ಚಡ್ಡಿ ಒಗೆಯುವಾಗೆಲ್ಲ ನೀರು ಕೆಂಪಾಗಿಲ್ವಾ? ಅದು ಅರಿಶಿನ ಅಂತ ನಿನಗೆ ಗೊತ್ತಿತ್ತು. ಗೊತ್ತಿದ್ದೇ ಫೋಟೊ ತೆಗೆದೆ. ಒಂದು ಕೆಂಪು ನಿನಗೆ ಚೆನ್ನಾಗಿ ಗೊತ್ತಿತ್ತು, ಇನ್ನೊಂದು ಗೊತ್ತಿರಲಿಲ್ಲ. ಇಂಕು ಅಂದ್ರೆ ನಡೀತದೆ ಅಂದ್ಕೊಂಡು ಅಂಗೀನ ನನ್ನ ಗಂಟಿಗೇ ಹಾಕ್ದೆ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಶನಿವಾರ ಸಂಜೆ ಮಾವನಿಗೆಂದು ಬಾಟಲಿ ಇಳಿಸುವಾಗ ಒಂದು ಕೈಜಾರಿತು, ತೋಳಿನ ಮೇಲೆ ಚೆಲ್ಲಿತು. ಅಂಗಿ ಉಜ್ಜಲು ಹಿಂದಕ್ಕೆ ಹೋದಾಗ ಬಕೆಟ್ಟು ಕಂಡಿತು. ಉಳಿದ ಮೂರನ್ನು ಪುಟ್ಟಮಾದು ಆಗಲೇ ಮುಗಿಸಿದ್ದ. ಸೆರಗಿನ ಉಪಾಯ ಯಾರದ್ದೆಂದು ಮಾದೇಶ ಹೇಳಲಿಲ್ಲ. ಅಂಗಡಿ ಮುಚ್ಚಿಸಿದ ಸಿಟ್ಟು ಯಾರಿಗಿತ್ತೆಂದು ಎಲ್ಲರಿಗೂ ಗೊತ್ತಿತ್ತು.

"ನಿನ್ ಮದ್ವೇಲಿ ಅರಿಶಿನ ಅರ್ದು ಕೊಟ್ಟೋಳು ನಾನು ಕಣ್ಲಾ," ಎಂದಳು ಸಣ್ಣತಾಯಮ್ಮ. ಅಷ್ಟೇ ಅಂದಳು.

ಶಿವರಂಜನಿ ಅವಳ ಎರಡೂ ಕೈ ಹಿಡಿದುಕೊಂಡಳು. ತಪ್ಪಾಯಿತು ಎಂದಳು, ನಾಳೆಯಿಂದಲೇ ಕೆಲಸಕ್ಕೆ ಬರಬೇಕೆಂದಳು. ಸಣ್ಣತಾಯಮ್ಮ ಕೈ ಬಿಡಿಸಿಕೊಂಡಳು.

"ಗೇಟಲ್ಲಿ ನಿಲ್ಸಿ ಕಳ್ಳಿ ಅಂದ್ರಿ. ಡೈರಿ ಮುಂದೆ ನನ್ ಮಾನ ಓಯ್ತು. ಇಲ್ಲಿ ಜಗಲಿ ಮೇಲೆ ಕ್ಷಮೆ ಕೇಳಿದ್ರೆ ಅಲ್ಲಿ ನಕ್ಕೋರಿಗೆ ಕೇಳಿಸ್ತದಾ ಅವ್ವಾ? ಐದು ಗಂಟೆಗೆ ಆಲು ಉಯ್ಯಕ್ಕೆ ಎಲ್ಲಾ ಬತ್ತಾರೆ. ಅಲ್ಲಿ ಏಳಿ."

ಐದು ಗಂಟೆಗೆ ಶಿವರಂಜನಿ ಡೈರಿಯ ಮುಂದೆ ನಿಂತಳು. ಒಂದು ಕೈಯಲ್ಲಿ ಸೀರೆ, ಒಂದು ಕೈಯಲ್ಲಿ ಅಂಗಿ. ಕ್ಯಾನು ಹಿಡಿದ ಹೆಂಗಸರ ಸಾಲು ಅವಳ ಕಡೆ ತಿರುಗಿತು. ಅವಳು ಏನನ್ನೂ ಮುಚ್ಚಲಿಲ್ಲ — ಕದ್ದವರು ಯಾರು, ಕುಡಿದವರು ಯಾರು, ವಿಚಾರಿಸದೆ ಕಳ್ಳಿ ಎಂದವರು ಯಾರು, ಎಲ್ಲ ಹೇಳಿದಳು. ಕೊನೆಯವಳು ತಾನೇ ಎಂದಳು. ಹೇಳುತ್ತಿದ್ದಂತೆ ಪುಟ್ಟಮಾದು ಹಾಲು ಅಳೆಸದೆಯೇ ಕ್ಯಾನು ಎತ್ತಿಕೊಂಡು ಹೊರಟ.

"ಯಾಕ್ ಓಗೀಯೆ ಮಾದಣ್ಣ?" ಎಂದು ಸಾಲಿನಿಂದ ಯಾರೋ ಕೇಳಿದರು. "ಬಾಟ್ಲಿ ಬೇಕಾಗಿದ್ರೆ ಅಧ್ಯಕ್ಷೆನ್ನೇ ಕೇಳ್ಬೋದಿತ್ತಲ್ಲಾ."

ನಗು ಎದ್ದಿತು. ಸಣ್ಣತಾಯಮ್ಮ ಮಾತ್ರ ನಗಲಿಲ್ಲ. ಬೆಳಿಗ್ಗೆ ನಕ್ಕವರ ಮುಖಗಳನ್ನೇ ಒಂದೊಂದಾಗಿ ನೋಡುತ್ತ, ಸಾಲಿನ ಕೊನೆಗೆ ಹೋಗಿ ತನ್ನ ಕ್ಯಾನು ಇಟ್ಟಳು.

ಮುಜೀಬ ಆಟೊ ಚಾಲೂ ಮಾಡಿದ. ಕುಲ್ಸುಂ ಬಿ ಇಳಿದು ಹೋಗಿ, ಶಿವರಂಜನಿಯ ಕೈಯಿಂದ ಸೀರೆಯನ್ನು ಮಾತ್ರ ತೆಗೆದುಕೊಂಡಳು. ಗುರುವಾರದ ಸಭೆಗೆ ಉಡಲು ಬೇಕು, ಬುಧವಾರವೇ ತಂದುಕೊಡುತ್ತೇನೆ ಎಂದು ಸಣ್ಣತಾಯಮ್ಮನಿಗೆ ಕೂಗಿ ಹೇಳಿದಳು.

"ಅಂಗಿ?" ಎಂದಳು ಶಿವರಂಜನಿ.

ನಲವತ್ತು ವರ್ಷದಲ್ಲಿ ಕುಲ್ಸುಂ ಬಿ ಯಾವ ಕಲೆಯನ್ನೂ ಆಗುವುದಿಲ್ಲ ಎಂದು ವಾಪಸು ಕಳಿಸಿದವಳಲ್ಲ.

"ಅದು ಹಂಗೇ ಇರಲಿ," ಎಂದಳು. "ಅವನೇ ಹಾಕ್ಕೊಂಡು ಓಡಾಡಲಿ."